ಕೀಲು ತಪ್ಪುವ ಮನೆಯವರು

ಮಗುವನ್ನು ಕೊಂಡೊಯ್ದದ್ದು ಮಂಗಳವಾರ. ಹಾಡಹಗಲು. ಊರಿಗೆ ಊರೇ ಮಸೂರದ ಗಿಡ ಕೀಳುತ್ತಿದ್ದ ಹೊತ್ತು. ಇಬ್ಬರು ಪೊಲೀಸರು, ಒಬ್ಬಳು ಕಚೇರಿಯ ಹೆಂಗಸು, ಅವಳ ಕೈಯಲ್ಲೊಂದು ಕಾಗದ. ಕಾಗದದ ತಲೆಯ ಮೇಲೆ ಫ್ರಾನ್ಸ್ ಸರ್ಕಾರ, ರೆಯೂನಿಯನ್ ದ್ವೀಪ ಎಂದು ಮುದ್ರೆ. ಬೆಟ್ಟದ ಮೇಲಿನ ಇಲೆ ಗಾಲೆ ಎಂಬ ಈ ಊರಿನಲ್ಲಿ ಅದನ್ನು ಓದುವವರು ಯಾರಿದ್ದಾರೆ? ಅವಳೇ ಓದಿದಳು. ತಾಯಿಯೂ ಅಜ್ಜಿಯೂ ಸೇರಿ ಮಗುವಿನ ಕೈಕಾಲು ತಿರುಚುತ್ತಾರೆ, ಆದ್ದರಿಂದ ಮಗುವನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿದೆ. ಇಷ್ಟೇ ಇದ್ದದ್ದು.

ತಾಯಿ ಕ್ಲೆಲಿ ಆಗ ಮೆಟ್ಟಿಲು ಮೆಟ್ಟಿಲಾದ ಹೊಲಗಳಲ್ಲಿ ಮೂರು ಪಟ್ಟೆ ಕೆಳಗಿದ್ದಳು. ಬಗ್ಗಿ ಕೀಳುವುದು ಅವಳ ಸೊಂಟಕ್ಕೆ ಆಗದು. ಮಂಡಿಗೆ ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಂಡು, ನೆಲದ ಮೇಲೆ ಜರುಗುತ್ತ ಜರುಗುತ್ತ ಒಂದೊಂದೇ ಸಾಲು ಮುಗಿಸುತ್ತಾಳೆ. ಚೀರಾಟ ಕೇಳಿ ಎದ್ದಳು. ಎದ್ದ ರಭಸಕ್ಕೆ ಬಲ ಮಂಡಿಯ ಕೀಲು ಜಾರಿತು. ಅಂಗೈಯಿಂದ ಗುದ್ದಿ ಒಳಕ್ಕೆ ತಳ್ಳಿಕೊಂಡು, ಕಲ್ಲುಕಟ್ಟೆ ಹಿಡಿದು ಹತ್ತಿ ಅಂಗಳ ಮುಟ್ಟುವಷ್ಟರಲ್ಲಿ ಅವರು ಕಣಿವೆಯ ದಾರಿ ಹಿಡಿದಾಗಿತ್ತು. ಪೊಲೀಸನ ಹೆಗಲ ಮೇಲೆ ಮಗುವಿನ ಹಳದಿ ಟೋಪಿ ಕಂಡಿತು. ತಿರುವಿನಲ್ಲಿ ಅದೂ ಮರೆಯಾಯಿತು.

ಮಗುವಿನ ಹೆಸರು ನಾದೆಜ್. ಎರಡೂವರೆ ವರ್ಷ.

ಹಾಗೆ ಹೋದ ಮಕ್ಕಳು ಎಲ್ಲಿಗೆ ಹೋಗುತ್ತವೆ ಎಂದು ಇಲೆ ಗಾಲೆಯ ಮಂದಿಗೆ ಗೊತ್ತು. ಮೊದಲು ಕರಾವಳಿಯ ಮಕ್ಕಳ ಮನೆ. ಆಮೇಲೆ ವಿಮಾನ. ವಿಮಾನ ಇಳಿದರೆ ಫ್ರಾನ್ಸಿನ ಯಾವುದೋ ಚಳಿಯ ಹಳ್ಳಿ. ಹಣ್ಣು ಕೊಡುತ್ತಾರಂತೆ, ಓದಿಸುತ್ತಾರಂತೆ, ವರ್ಷಕ್ಕೊಮ್ಮೆ ರಜೆಗೆ ಕಳಿಸುತ್ತಾರಂತೆ. ಕಳಿಸಿದ್ದನ್ನು ಕಣ್ಣಲ್ಲಿ ಕಂಡವರಿಲ್ಲ. ಕೆಳಗಿನ ಊರಿನ ವಿಧವೆಯೊಬ್ಬಳ ಇಬ್ಬರು ಹುಡುಗಿಯರು ಹೋಗಿ ಆರು ವರ್ಷ. ಅವಳು ಈಗಲೂ ಅಂಚೆಯವನನ್ನು ಕಂಡರೆ ಎದ್ದು ನಿಲ್ಲುತ್ತಾಳೆ.

ಇದು ಹೇಗಾಯಿತು ಎಂದು ಹೇಳಬೇಕು. ಹೇಳಲು ನಾಚಿಕೆಯೇನಿಲ್ಲ, ಸಿಟ್ಟಿದೆ.

ಕ್ಲೆಲಿ ಹುಟ್ಟಿದ ತೆಶೆ ಮನೆತನದಲ್ಲಿ ಕೀಲು ನಿಲ್ಲುವುದಿಲ್ಲ. ಎಲ್ಲರಿಗೂ ಹಾಗಲ್ಲ. ಒಂದೇ ತಾಯಿ ಹೆತ್ತ ಮಕ್ಕಳಲ್ಲಿ ಮೂರು ನೆಟ್ಟಗಿರುತ್ತವೆ, ಒಂದು ಹೀಗೆ ಬರುತ್ತದೆ. ಬಂದದ್ದು ಕುಳ್ಳಗಿರುತ್ತದೆ, ಕಣ್ಣು ಉಬ್ಬಿರುತ್ತದೆ, ಹುಟ್ಟುವಾಗಲೇ ಒಂದೆರಡು ಕೀಲು ಹೊರಗೆ ಬಂದಿರುತ್ತವೆ. ಸೀನಿದರೆ ಭುಜ ಜಾರುತ್ತದೆ. ಎಡವಿದರೆ ಮಂಡಿ. ಊರಿನಲ್ಲಿ ಇರುವುದು ಹನ್ನೊಂದು ಮನೆ, ಮೂರು ಮನೆತನ. ಸುತ್ತ ಆಕಾಶ ಮುಟ್ಟುವ ಬಂಡೆ. ಹೆಣ್ಣು ತರುವುದೂ ಆ ಮನೆಗಳಿಂದಲೇ, ಕೊಡುವುದೂ ಅಲ್ಲಿಗೇ. ಕೆಳಗಿನ ಕಬ್ಬಿನ ದೊರೆಗಳು ಒಳ್ಳೆಯ ನೆಲವನ್ನೆಲ್ಲ ತಾವು ಇಟ್ಟುಕೊಂಡು, ಗತಿಯಿಲ್ಲದ ಬಿಳಿಯರನ್ನು ಈ ಬಂಡೆಗಳ ಸಂದಿಗೆ ಅಟ್ಟಿ ನೂರು ವರ್ಷದ ಮೇಲಾಯಿತು. ಈಗ ಅವರ ಮೊಮ್ಮಕ್ಕಳೇ ಮೂಗು ಮುರಿಯುತ್ತಾರೆ, ನೀವು ಒಳಗೊಳಗೇ ಮದುವೆಯಾಗುತ್ತೀರಿ, ಅದಕ್ಕೇ ಹೀಗೆ ಎಂದು. ಮತ್ತೆ ಯಾರನ್ನು ಆಗಬೇಕಿತ್ತು? ಬಂಡೆಯನ್ನೇ?

ಕೀಲು ಕೂರಿಸುವುದು ಕ್ಲೆಲಿಯ ತಾಯಿ ಎರ್ಮಾನ್ಸಳ ಕೆಲಸ. ಅವಳ ಮೈ ಗಟ್ಟಿ. ಆದರೆ ಹೆತ್ತ ಐವರಲ್ಲಿ ಇಬ್ಬರಿಗೆ ಬಂತು. ಒಬ್ಬ ಕತ್ತಿನ ಕೀಲು ಜಾರಿ ಆರು ವರ್ಷಕ್ಕೇ ಹೋದ. ಇನ್ನೊಬ್ಬಳು ಕ್ಲೆಲಿ. ಕ್ಲೆಲಿಯ ಮೈಯಲ್ಲಿ ಎರ್ಮಾನ್ಸ್ ಕೂರಿಸದ ಕೀಲಿಲ್ಲ. ಈಗ ಮೊಮ್ಮಗಳಿಗೂ ಅವಳೇ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಕಂಕುಳಿಗೆ ತನ್ನ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದು ನಿಧಾನಕ್ಕೆ ಎಳೆಯುತ್ತಾಳೆ. ಒಂದು ಸಲ ಹೊರಕ್ಕೆ ಹೊರಳಿಸಿ ಬಿಡುತ್ತಾಳೆ. ಟಕ್ ಅನ್ನುತ್ತದೆ. ಮಗು ಒಮ್ಮೆ ಚೀರಿ ಸುಮ್ಮನಾಗುತ್ತದೆ. ಮತ್ತೆ ಜಾರದಿರಲೆಂದು ಹಿಟ್ಟಿನ ಚೀಲ ಹರಿದ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಾಳೆ. ಪಟ್ಟಿ ಬಿಚ್ಚಿದರೆ ಚರ್ಮದ ಮೇಲೆ ನೀಲಿ ಗೆರೆ ಇರುತ್ತದೆ, ಎರಡು ದಿನಕ್ಕೆ ಹೋಗುತ್ತದೆ.

ಈ ಮನೆತನಕ್ಕೆ ಒಂದು ಕಟ್ಟಳೆ ಇದೆ. ತಪ್ಪಿದ ಕೀಲನ್ನು ಹೊರಗಿನವರಿಗೆ ತೋರಿಸಬಾರದು. ಚರ್ಚಿಗೆ ಹೋಗಲಿ, ಅಂಗಡಿಗೆ ಹೋಗಲಿ, ಡಾಕ್ಟರ ಹತ್ತಿರವೇ ಹೋಗಲಿ, ಮೊದಲು ಎಲ್ಲವನ್ನೂ ಕೂರಿಸಿಕೊಂಡು, ಪಟ್ಟಿ ಸುತ್ತಿಕೊಂಡು, ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಬೇಕು. ಜೋತುಬಿದ್ದ ಕೈ ಹೊತ್ತು ದೊರೆಗಳ ಎದುರು ನಿಲ್ಲುವುದು ಬತ್ತಲೆ ನಿಂತ ಹಾಗೆ. ಡಾಕ್ಟರ ಹತ್ತಿರ ರೋಗ ಮುಚ್ಚಿಟ್ಟುಕೊಂಡು ಹೋಗುವವರು ಲೋಕದಲ್ಲಿ ಇನ್ನಾರಾದರೂ ಇದ್ದಾರೋ ಇಲ್ಲವೋ. ಇವರು ಮೂರು ತಲೆಮಾರು ಹಾಗೇ ಹೋದರು. ಮೂರು ತಲೆಮಾರಿನ ಡಾಕ್ಟರುಗಳು ಇವರಿಗೆ ಏನೂ ಇಲ್ಲ ಎಂದು ಬರೆದು ಕಳಿಸಿದರು.

ಅವತ್ತೂ ಆದದ್ದು ಅದೇ. ಮಕ್ಕಳ ತೂಕ ನೋಡಲು ಕಚೇರಿಯವರು ಬರುತ್ತಾರೆಂದು ಸುದ್ದಿ ಬಂತು. ಬೆಳಗ್ಗೆಯೇ ನಾದೆಜಳ ಬಲಭುಜ ಜಾರಿತ್ತು. ಎರ್ಮಾನ್ಸಳಿಗೆ ಗಾಬರಿ. ಬಂದವರ ಕಣ್ಣಿಗೆ ಬೀಳುವ ಮೊದಲು ಕೂರಿಸಬೇಕು. ಚಾಪೆ ಹಾಸಿದಳು, ಹಿಮ್ಮಡಿ ಕೊಟ್ಟಳು, ಎಳೆದಳು. ಮಗು ಚೀರಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಕಚೇರಿಯ ಹೆಂಗಸು, ಮಿಸ್ ಬ್ರೆಸೋ, ತಕ್ಕಡಿ ಹಿಡಿದು ನಿಂತಿದ್ದಳು. ಅವಳು ಕಂಡದ್ದು ಕೂಸಿನ ಕಂಕುಳನ್ನು ತುಳಿದುಕೊಂಡು ಕೈ ತಿರುಚುತ್ತಿರುವ ಮುದುಕಿಯನ್ನು. ಆಮೇಲೆ ಪಟ್ಟಿ ಬಿಚ್ಚಿಸಿ ನೋಡಿದಳು. ಮೈತುಂಬ ನೀಲಿ ಗೆರೆ. ಕೈ ನೆಟ್ಟಗಿತ್ತು, ಕಾಲು ನೆಟ್ಟಗಿತ್ತು. ಐದು ನಿಮಿಷ ತಡವಾಗಿ ಕೂರಿಸಿದ್ದರೆ ಭುಜ ಜೋತುಬಿದ್ದದ್ದನ್ನೇ ಕಾಣುತ್ತಿದ್ದಳು. ವಾರ ಕಳೆಯುವುದರೊಳಗೆ ಪೊಲೀಸರನ್ನು ಕರೆದುಕೊಂಡು ಬಂದಳು.

ಅವರು ಹೋದ ಮೇಲೆ ಕ್ಲೆಲಿಯ ಗಂಡ ಫಿಲಿಬೆರ್, ಸಿಲಾವೊಸ್ ಎಂಬ ಪಟ್ಟಣದ ಪುರಸಭೆಗೆ ನಾಲ್ಕು ಸಲ ಇಳಿದು ಹತ್ತಿದ. ನಾಲ್ಕನೇ ಸಲ ಗುಮಾಸ್ತ ತಲೆಯೆತ್ತಿ ಮಾತಾಡಿದ.

"ಅದು ಹುಟ್ಟಿನಿಂದ ಬಂದ ಕಾಯಿಲೆ ಅಂತ ಡಾಕ್ಟ್ರ ಸರ್ಟಿಫಿಕೇಟ್ ತಗೊಂಡ್ ಬಾ."

"ಯಾವ್ ಡಾಕ್ಟ್ರೂ ಬರ್ದುಕೊಟ್ಟಿಲ್ಲ ಸ್ವಾಮಿ. ಆ ಕಾಯಿಲೆನೇ ಇಲ್ಲ ಅಂತಾರೆ."

"ಇಲ್ಲದ ಕಾಯಿಲೆ ನಿಮಗೆ ಹೇಗಯ್ಯಾ ಬಂತು?"

"ಅದನ್ನೇ ನಾನೂ ಕೇಳ್ತಿರೋದು."

ಗುಮಾಸ್ತನಿಗೆ ನಗು ಬಂತು. ಫಿಲಿಬೆರ್ ನಗಲಿಲ್ಲ. ಬರುವ ದಾರಿಯಲ್ಲಿ ಒಂದು ಬಂಡೆಗೆ ಮುಷ್ಟಿ ಗುದ್ದಿ ಬೆರಳು ಒಡೆದುಕೊಂಡು ಬಂದ.

ಇಪ್ಪತ್ತನೇ ದಿನ ಇನ್ನೊಂದು ಕಾಗದ ಬಂತು. ಪಾದ್ರಿ ಓದಿ ಹೇಳಿದರು. ಗುರುವಾರ ಕರಾವಳಿಯ ದೊಡ್ಡ ಆಸ್ಪತ್ರೆಯಲ್ಲಿ ತಜ್ಞರು ಮಗುವನ್ನು ಪರೀಕ್ಷಿಸುತ್ತಾರೆ. ತಾಯಿ ಮತ್ತು ಅಜ್ಜಿ ಹಾಜರಿರಬೇಕು. ಮಗುವಿನ ಮೈಯಲ್ಲಿ ಕಾಯಿಲೆಯಿಲ್ಲ, ಇದು ಹಿಂಸೆಯೇ ಎಂದು ಡಾಕ್ಟರು ಸಹಿ ಮಾಡಿದರೆ, ತಿಂಗಳ ಕೊನೆಗೆ ಹೊರಡುವ ಮಕ್ಕಳ ತಂಡದಲ್ಲಿ ನಾದೆಜಳೂ ಇರುತ್ತಾಳೆ. ಕಾಯಿಲೆ ಎಂದು ಬರೆದರೆ ಅವತ್ತೇ ಮನೆಗೆ.

ಗುರುವಾರ ಬೆಳಗಾಗುತ್ತಲೇ ಎರ್ಮಾನ್ಸ್ ಪಟ್ಟಿಗಳ ಗಂಟು ಬಿಚ್ಚಿ ಕೂತಳು.

"ಬುಡವ್ವ," ಎಂದಳು ಕ್ಲೆಲಿ. ಅವಳ ಎಡ ಮೊಣಕೈ ಹಿಂದಿನ ದಿನವೇ ತಪ್ಪಿತ್ತು. "ಹಿಂಗೇ ಹೋಯ್ತೀನಿ. ನೋಡ್ಲಿ."

"ನಿಂಗೇನ್ ತಲೆ ಕೆಟ್ಟದಾ? ಆ ದೊಡ್ಡೋರ್ ಮುಂದೆ ಮುರ್ದ ಕೋಳಿ ಹಂಗೆ ನೇತಾಡಿಸ್ಕಂಡು ನಿಂತ್ಕತೀಯಾ? ಇವಳಿಗೇ ಸರಿಯಾಗ್ ನಿಲ್ಲಕಾಗಕಿಲ್ಲ, ಮಗೀನ ಹೆಂಗ್ ಸಾಕ್ತಾಳೆ ಅಂದ್ರೆ?"

"ನೆಟ್ಟಗಿದ್ರೆ ಕಾಯಿಲೆ ಇಲ್ಲ ಅಂತಾರೆ."

"ನೆಟ್ಟಗಿಲ್ದಿದ್ರೆ ಕೊಡಕಿಲ್ಲ ಅಂತಾರೆ. ಕೈ ಚಾಚು."

ಇಬ್ಬರ ಮಾತೂ ನಿಜವೇ. ಅದೇ ಹಾಳಾದ್ದು. ಕ್ಲೆಲಿ ಕೈ ಚಾಚಿದಳು. ಎರ್ಮಾನ್ಸ್ ಮೊಣಕೈ ಕೂರಿಸಿದಳು, ಮಂಡಿ, ಸೊಂಟ, ಕಣಕಾಲು ಎಲ್ಲಕ್ಕೂ ಪಟ್ಟಿ ಸುತ್ತಿದಳು, ಮದುವೆಯಲ್ಲಿ ಹಾಕಿಕೊಂಡಿದ್ದ ಬಿಳಿ ಅಂಗಿಯನ್ನು ಮೇಲಿಂದ ಹಾಕಿದಳು. ಫಿಲಿಬೆರ್ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಒಂದೂವರೆ ಗಂಟೆ ಕಣಿವೆ ಇಳಿದ. ಆಮೇಲೆ ನಾನೂರು ತಿರುವಿನ ರಸ್ತೆಯ ಬಸ್ಸು. ಪ್ರತಿ ತಿರುವಿಗೂ ಕ್ಲೆಲಿ ಎರಡು ಕೈಯಿಂದ ಸೊಂಟವನ್ನು ಅದುಮಿ ಹಿಡಿದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕಾಗದ ನೋಡಿದ. ಎರಡು ಹೆಸರಿದೆ, ಇಬ್ಬರೇ ಒಳಗೆ ಎಂದ.

"ನಾನು ಅಪ್ಪ," ಎಂದ ಫಿಲಿಬೆರ್.

"ನಿನ್ನ ಹೆಸರಿಲ್ಲ."

ಫಿಲಿಬೆರ್ ಗೇಟಿನ ಹೊರಗೆ ನಿಂತ. ಕಾಲಿಗೆ ಚಪ್ಪಲಿಯಿರಲಿಲ್ಲ, ಡಾಂಬರು ಸುಡುತ್ತಿತ್ತು.

ಕೋಣೆಯಲ್ಲಿ ಡಾಕ್ಟರಿದ್ದ. ಹೆಸರು ಲಾರ್ಷೆ, ಫ್ರಾನ್ಸಿನಿಂದ ಬಂದು ಎರಡು ವರ್ಷವಾಗಿತ್ತು. ಪಕ್ಕದಲ್ಲಿ ಮಿಸ್ ಬ್ರೆಸೋ. ಗೋಡೆಗೆ ಒರಗಿ ಒಬ್ಬಳು ನರ್ಸು, ರೋಝ್‌ಮೇ, ಕರಾವಳಿಯ ಕಬ್ಬಿನ ಕೂಲಿಯವರ ಮಗಳು. ಇವರ ಬೆಟ್ಟದ ಮಾತನ್ನು ಫ್ರೆಂಚಿನಲ್ಲಿ ಅವರಿಗೆ ತಿಳಿಸಲು ಅವಳನ್ನು ನಿಲ್ಲಿಸಿದ್ದರು. ಅವರ ಫ್ರೆಂಚ್ ಕ್ಲೆಲಿಗೆ ಅರ್ಥವಾಗುತ್ತಿತ್ತು. ತಿರುಗಿ ಆಡಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಕಲಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ.

"ಬಟ್ಟೆ ತೆಗಿ," ಎಂದ ಡಾಕ್ಟರು.

ತೆಗೆದಳು.

"ಆ ಪಟ್ಟಿಗಳನ್ನೂ."

ತೆಗೆದಳು. ಒಳಚಡ್ಡಿಯಲ್ಲಿ ನಿಂತಳು. ನಾಲ್ಕೂಕಾಲು ಅಡಿ ಎತ್ತರ, ಮೂವತ್ತೊಂದು ವರ್ಷ. ಮೈತುಂಬ ನೀಲಿ ಗೆರೆ. ಎರ್ಮಾನ್ಸ್ ಮುಖ ತಿರುಗಿಸಿಕೊಂಡಳು.

"ಹೆಬ್ಬೆರಳು ಹಿಂದಕ್ಕೆ ಬಗ್ಗಿಸು."

ಬಗ್ಗಿಸಿದಳು. ಹೆಬ್ಬೆರಳು ಮಣಿಕಟ್ಟಿಗೆ ಹೋಗಿ ತಾಗಿತು.

"ಮೊಣಕೈ. ಮಂಡಿ. ಈಗ ಬಗ್ಗಿ ಅಂಗೈ ನೆಲಕ್ಕೆ ಊರು."

ಊರಿದಳು. ಎಲ್ಲವೂ ಬಗ್ಗಿದವು, ಬಗ್ಗಬೇಕಾದದ್ದಕ್ಕಿಂತ ಹೆಚ್ಚೇ ಬಗ್ಗಿದವು. ಡಾಕ್ಟರು ಒಂದು ಅಚ್ಚಿನ ಹಾಳೆ ಇಟ್ಟುಕೊಂಡಿದ್ದ. ಯಾವ ಕೀಲು ಎಷ್ಟು ಆಡುತ್ತದೆ ಎಂದು ಬರೆಯುವ ಹಾಳೆ. ಎಲ್ಲದರ ಮುಂದೆಯೂ ಪೂರ್ತಿ, ಪೂರ್ತಿ, ಪೂರ್ತಿ ಎಂದು ಬರೆಯುತ್ತ ಹೋದ.

"ನನ್ನ ಕೀಲಿಗಿಂತ ಚೆನ್ನಾಗಿವೆ ಇವಳವು. ಸರ್ಕಸ್ಸಿಗೆ ಸೇರಬಹುದು," ಎಂದ ಮಿಸ್ ಬ್ರೆಸೋ ಕಡೆ ತಿರುಗಿ. ಅವಳು ನಕ್ಕಳು.

"ಅದು ಆಡ್ತದೆ, ನಿಲ್ಲಕಿಲ್ಲ," ಎಂದಳು ಕ್ಲೆಲಿ. "ಬಾಗ್ಲು ತೆಗ್ಯದೂ ಬರ್ಬೇಕು, ಹಾಕ್ಕಳದೂ ಬರ್ಬೇಕು. ನಮ್ದು ತೆಕ್ಕಂಡೇ ಇರ್ತದೆ. ಹೇಳು ಅವ್ರಿಗೆ."

ರೋಝ್‌ಮೇ ತಗ್ಗಿದ ದನಿಯಲ್ಲಿ ಹೇಳಿದಳು. ಡಾಕ್ಟರು ಕೇಳಿಸಿಕೊಂಡ ಹಾಗೆ ತಲೆಯಾಡಿಸಿದ. ಆ ಹಾಳೆಯಲ್ಲಿ ನಿಲ್ಲುವುದಕ್ಕೆ ಸಾಲಿರಲಿಲ್ಲ.

"ಇದರಲ್ಲಿ ಏನೂ ಸಿಗುವುದಿಲ್ಲ. ಮಗುವನ್ನು ಕರೆತನ್ನಿ," ಎಂದ. ಕ್ಲೆಲಿ ಪಟ್ಟಿ ಸುತ್ತಿಕೊಳ್ಳಲು ಬಗ್ಗಿದಳು. ಅದಕ್ಕೆ ಹೊತ್ತಿರಲಿಲ್ಲ. ಬರಿಯ ಮೈಮೇಲೆ ಬಿಳಿ ಅಂಗಿ ಎಳೆದುಕೊಂಡಳು.

ಮಕ್ಕಳ ಮನೆಯ ಆಯಾ ನಾದೆಜಳನ್ನು ನಡೆಸಿಕೊಂಡು ಬಂದಳು. ಮಗುವಿನ ತಲೆಗೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು. ಹೊಸ ಫ್ರಾಕು, ಹೊಸ ಬೂಟು. ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದುಕೊಂಡು, ಹೊಟ್ಟೆಗೆ ಒತ್ತಿಕೊಂಡು ನಡೆಯುತ್ತಿತ್ತು. ಕ್ಲೆಲಿಗೆ ಬಾಗಿಲಲ್ಲೇ ತಿಳಿಯಿತು. ಬಲಭುಜ ಇಳಿದಿತ್ತು. ಫ್ರಾಕಿನ ತೋಳು ಬರಿದಾಗಿ ತಗ್ಗು ಬಿದ್ದಿತ್ತು.

"ಇದು ಭಾರಿ ಸೋಮಾರಿ ಕೂಸು," ಎಂದಳು ಆಯಾ. "ನಾಲ್ಕು ದಿನದಿಂದ ಎಡಗೈಲೇ ತಿಂತದೆ. ಬೈದ್ರೂ ಅಷ್ಟೇ, ಹೊಡೆದ್ರೂ ಅಷ್ಟೇ."

ನಾಲ್ಕು ದಿನ. ಕ್ಲೆಲಿಗೆ ತನ್ನ ಮೈಯೆಲ್ಲ ಉರಿಯಿತು. ನಾಲ್ಕು ದಿನ ಕೀಲು ಹೊರಗಿದ್ದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ಮೊದಲನೇ ದಿನ ಅಳು ಬರುತ್ತದೆ. ಎರಡನೇ ದಿನ ಅಳುವುದಕ್ಕೂ ಭಯವಾಗುತ್ತದೆ, ಅತ್ತರೆ ಮೈ ಕುಲುಕುತ್ತದೆ. ಮೂರನೇ ದಿನದಿಂದ ಮಗು ಅಳುವುದಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತದೆ. ಜನ ಅದನ್ನು ಒಳ್ಳೆಯ ಮಗು ಅನ್ನುತ್ತಾರೆ, ಇಲ್ಲವೇ ಸೋಮಾರಿ ಅನ್ನುತ್ತಾರೆ.

ಮಗು ಅಮ್ಮನನ್ನು ನೋಡಿತು. ಆಮೇಲೆ ಅಜ್ಜಿಯನ್ನು ನೋಡಿತು. ಅಜ್ಜಿಯ ಮುಂದೆ ಹೋಗಿ ನಿಂತಿತು.

"ಅಜ್ಜಿ, ಟಕ್ ಮಾಡು," ಎಂದಿತು.

ಎರ್ಮಾನ್ಸ್ ಆಗಲೇ ಮಂಡಿಯೂರಿದ್ದಳು. ಕೈ ಚಾಚಿದ್ದಳು. ನಲವತ್ತು ವರ್ಷದಿಂದ ಆ ಕೈ ಯಾರ ಅಪ್ಪಣೆಗೂ ಕಾದದ್ದಿಲ್ಲ.

"ಮುಟ್ಬೇಡವ್ವ," ಎಂದಳು ಕ್ಲೆಲಿ.

"ಏನಂದೆ?"

"ಮುಟ್ಬೇಡ. ಹಂಗೇ ಇರ್ಲಿ."

"ಮಗಾ, ಕೂಸು ಕೇಳ್ತಾ ಅದೆ."

"ಕೇಳ್ಲಿ. ನಾನು ಹೆತ್ತೋಳು, ನಾನ್ ಹೇಳ್ತಿದ್ದೀನಿ. ಕೈ ಹಿಂದಕ್ ತಗೋ."

ಎರ್ಮಾನ್ಸಳ ಕೈ ಗಾಳಿಯಲ್ಲೇ ನಿಂತಿತು. ಮಗುವಿಗೆ ಅರ್ಥವಾಗಲಿಲ್ಲ. ಅಜ್ಜಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿತು. ಅಜ್ಜಿ, ಟಕ್. ಕ್ಲೆಲಿ ತನ್ನ ತುಟಿ ಕಚ್ಚಿಕೊಂಡಳು. ಎಂಥ ತಾಯಿ ಇವಳು ಎಂದು ಅಲ್ಲಿದ್ದವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಅವಳು ಬಂದು ಮಗುವಿನ ಪಕ್ಕ ಕೂತು, ಫ್ರಾಕಿನ ಗುಂಡಿ ಬಿಚ್ಚಿ, ತೋಳನ್ನು ಮುಟ್ಟದ ಹಾಗೆ ಬಟ್ಟೆ ಕೆಳಗಿಳಿಸಿದಳು.

"ಬಂದು ನೋಡು ಡಾಕ್ಟ್ರೇ."

ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿದ. ಆಮೇಲೆ ಎದ್ದು ಬಂದ. ಬೆರಳಿಟ್ಟು ನೋಡಿದ. ಅವನ ಮುಖದ ನಗು ಹೋಯಿತು.

"ಭುಜದ ಕೀಲು ತಪ್ಪಿದೆ," ಎಂದ.

"ಯಾರು ತಿರುಚಿದ್ದು?" ಎಂದಳು ಕ್ಲೆಲಿ.

ರೋಝ್‌ಮೇ ಬಾಯಿ ತೆರೆದಳು. "ಇವರು ಕೇಳುತ್ತಿದ್ದಾರೆ, ದಯವಿಟ್ಟು ಇದು ಹೇಗಾಯಿತು ಎಂದು..."

"ಹಂಗಲ್ಲ," ಎಂದಳು ಕ್ಲೆಲಿ. "ನಾನ್ ಹೇಳ್ದಂಗೇ ಹೇಳು. ದಯವಿಟ್ಟು ಅಂತ ನಾನಂದಿಲ್ಲ. ಯಾರು ತಿರುಚಿದ್ದು ಅಂತ ಕೇಳ್ದೆ."

ರೋಝ್‌ಮೇ ಅವಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಗೋಡೆ ಬಿಟ್ಟು ನೆಟ್ಟಗೆ ನಿಂತು ಹೇಳಿದಳು. "ಯಾರು ತಿರುಚಿದ್ದು ಎಂದು ಕೇಳುತ್ತಿದ್ದಾಳೆ."

ಡಾಕ್ಟರು ಆಯಾ ಕಡೆ ತಿರುಗಿದ.

"ಇಪ್ಪತ್ಮೂರು ದಿನ ಆಯ್ತು. ಮಗು ನಿಮ್ ಕೈಲದೆ. ನಾನು ಮೇಲಿದ್ದೆ. ಅವ್ವ ಮೇಲಿದ್ಲು. ಈ ಆಯಾ ತಿರುಚಿದ್ರೆ ಆಯಮ್ಮನ ಹೆಸ್ರು ಬರಿ. ಪೊಲೀಸ್ರ ಕರ್ಸಿ. ಅವಳ ಮಕ್ಕಳ್ನೂ ಎತ್ಕಂಡ್ ಹೋಗ್ಲಿ."

"ಅಯ್ಯೋ, ನಾನು ಮುಟ್ಟೇ ಇಲ್ಲ," ಎಂದಳು ಆಯಾ. ಅವಳಿಗೆ ಅಳುವೇ ಬಂತು. "ದೇವರಾಣೆ, ತಾನಾಗೇ ಆಗಿದ್ದು. ಅವತ್ತು ಬೆಳಗ್ಗೆ ಹಾಸಿಗೆಯಿಂದ ಎತ್ತಿದ್ದಷ್ಟೇ."

"ಕೇಳಿಸ್ಕಂಡ್ಯಾ ಡಾಕ್ಟ್ರೇ? ಎತ್ತಿದ್ದಷ್ಟೇ. ನಾವೂ ಅದನ್ನೇ ಹೇಳಿದ್ದು. ಆಯಮ್ಮ ಹೇಳಿದ್ರೆ ನಿಜ, ನಾವ್ ಹೇಳಿದ್ರೆ ಸುಳ್ಳಾ?"

ಮಿಸ್ ಬ್ರೆಸೋ ಎದ್ದು ನಿಂತಳು. "ನಾನು ಕಣ್ಣಾರೆ ಕಂಡಿದ್ದೇನೆ. ಈ ಮುದುಕಿ ಮಗುವಿನ ಮೇಲೆ ಕಾಲಿಟ್ಟು..."

"ಕೂತ್ಕೊಳ್ಳಿ," ಎಂದ ಡಾಕ್ಟರು. ಅವನು ಮಗುವಿನ ಇನ್ನೊಂದು ಭುಜವನ್ನು, ಮೊಣಕೈಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಉಬ್ಬಿದ ಕಣ್ಣು ನೋಡಿದ. ತಾಯಿಯ ಕಣ್ಣು ನೋಡಿದ. "ಮೊದಲು ಇದನ್ನು ಸರಿಪಡಿಸಬೇಕು. ಅರಿವಳಿಕೆಯವರನ್ನು ಕರೆಯಿರಿ."

"ಮೊದ್ಲು ಬರಿ," ಎಂದಳು ಕ್ಲೆಲಿ. ಮಗುವಿನ ಮುಂದೆ ತನ್ನ ಕೈ ಅಡ್ಡ ಇಟ್ಟಳು.

"ಮಗುವಿಗೆ ನೋವಾಗುತ್ತಿದೆ. ನೀನು ತಾಯಿಯಲ್ಲವೇ?"

"ನಾಲ್ಕು ದಿನದಿಂದ ಆಯ್ತಾ ಅದೆ. ನೀನೀಗ ಕಂಡಿದ್ದೀಯ. ಕೂರಿಸ್ಬುಟ್ರೆ ನೀನು ಕಂಡಿದ್ದೂ ಹೋಯ್ತದೆ. ನಮ್ದೆಲ್ಲ ಹಂಗೇ ಹೋಗದೆ. ಬರಿ."

ಅವನು ಬರೆದ. ರೋಝ್‌ಮೇ ಓದಿದಳು. ಭುಜದ ಕೀಲು ತಪ್ಪಿದೆ, ಯಾವಾಗ ಎಂದು ತಿಳಿಯದು.

"ಅಷ್ಟೇ ಅಲ್ಲ. ಯಾರೂ ತಿರುಚಿಲ್ಲ ಅಂತ ಬರಿ. ಹುಟ್ಟಿದ್ದೇ ಹಿಂಗೆ ಅಂತ ಬರಿ. ತಾಯಿಗೂ ಹಿಂಗೇ ಅಂತ ಬರಿ. ಮನೆಗೆ ಕೊಡ್ಬೇಕು ಅಂತ ಬರಿ."

ಡಾಕ್ಟರ ಮುಖ ಕೆಂಪಾಯಿತು. ಇಷ್ಟೇ ಇಷ್ಟು ಎತ್ತರದ ಹೆಂಗಸೊಬ್ಬಳು, ಅಂಗಿಯ ಗುಂಡಿ ಹಾಕಿಕೊಳ್ಳಲೂ ಪುರುಸೊತ್ತಿಲ್ಲದವಳು, ತನಗೆ ಉಕ್ತಲೇಖನ ಹೇಳುತ್ತಿದ್ದಾಳೆ. ಬಹಳ ಹೊತ್ತು ಪೆನ್ನು ಹಿಡಿದು ಕೂತ. ಮಗು ನಿಂತೇ ಇತ್ತು, ಮಣಿಕಟ್ಟು ಹಿಡಿದುಕೊಂಡು. ಕ್ಲೆಲಿ ಮಗುವಿನ ಕಡೆ ನೋಡಲಿಲ್ಲ. ನೋಡಿದ್ದರೆ ಸೋಲುತ್ತಿದ್ದಳು. ಕೊನೆಗೆ ಅವನು ಬರೆದ, ಸಹಿ ಮಾಡಿದ. ರೋಝ್‌ಮೇ ಒಂದೊಂದೇ ಮಾತನ್ನು ಬಿಡಿಸಿ ಎರಡು ಸಲ ಓದಿ ಹೇಳಿದಳು. ಎಲ್ಲ ಇತ್ತು.

"ಈಗ ಮಾಡವ್ವ," ಎಂದಳು ಕ್ಲೆಲಿ.

ಎರ್ಮಾನ್ಸ್ ಮಗುವನ್ನು ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದಳು. ಚಪ್ಪಲಿ ಕಳಚಿ ತಾನೂ ಹತ್ತಿ ಕೂತಳು. ಮಿಸ್ ಬ್ರೆಸೋ ಮುಖ ಆಚೆ ತಿರುಗಿಸಿದಳು. "ನೋಡಿ ಅಮ್ಮಾವ್ರೆ," ಎಂದಳು ಎರ್ಮಾನ್ಸ್, "ಅವತ್ತು ಅರ್ಧ ನೋಡುದ್ರಿ. ಇವತ್ತು ಪೂರ್ತಿ ನೋಡಿ." ಹಿಮ್ಮಡಿ ಕೊಟ್ಟಳು, ಎಳೆದಳು, ಹೊರಳಿಸಿದಳು. ಮಗು ಒಮ್ಮೆ ಚೀರಿತು. ಆಮೇಲೆ ಬಲಗೈ ಎತ್ತಿ ಅಜ್ಜಿಯ ಮೂಗು ಹಿಡಿದುಕೊಂಡಿತು.

ಇಲ್ಲಿಗೆ ಮುಗಿಯಬೇಕಿತ್ತು. ನ್ಯಾಯ ಅನ್ನುವುದು ಇದ್ದಿದ್ದರೆ ಮುಗಿಯುತ್ತಿತ್ತು.

ಡಾಕ್ಟರು ಕೋಣೆಯ ತುಂಬ ಓಡಾಡತೊಡಗಿದ. ಅವನ ಕಣ್ಣಿಗೆ ಬೇರೆಯೇ ಹೊಳಪು ಬಂದಿತ್ತು. ನಿಮ್ಮ ಊರಿನಲ್ಲಿ ಹೀಗೆ ಎಷ್ಟು ಜನ? ಅಜ್ಜನಿಗಿತ್ತೇ? ಗಂಡ ಸಂಬಂಧಿಯೇ? ಎಲ್ಲ ಅಕ್ಕರೆಯಿಂದ ಕೇಳಿದ. ಕುಡಿಯಲು ನೀರು ತರಿಸಿದ. ಇದು ಬಹಳ ಅಪರೂಪದ್ದು, ಇದನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ, ಪ್ಯಾರಿಸ್ಸಿಗೆ ತಿಳಿಸಬೇಕು ಎಂದ. ರೋಝ್‌ಮೇಗೆ ಕ್ಯಾಮೆರಾ ತರಲು ಹೇಳಿದ.

"ಮಗು ಇಲ್ಲೇ ಇರಲಿ. ಒಂದೆರಡು ತಿಂಗಳು. ಎಕ್ಸ್‌ರೇ ತೆಗೆಯಬೇಕು, ಫೋಟೋ ತೆಗೆಯಬೇಕು. ಬೇಕಿದ್ದರೆ ಪ್ಯಾರಿಸ್ಸಿಗೂ ಕರೆದೊಯ್ಯೋಣ. ನಿನ್ನದೂ ತೆಗೆಯೋಣ. ಅಂಗಿ ಬಿಚ್ಚಿ ಆ ಗೋಡೆಗೆ ನಿಲ್ಲು."

ಕ್ಲೆಲಿಗೆ ಒಂಬತ್ತು ವರ್ಷವಿದ್ದಾಗ ಒಬ್ಬ ಬಂದಿದ್ದ. ಶಾಲೆಯ ಹಿಂದಿನ ಗೋಡೆಗೆ ಅವಳನ್ನು ಬತ್ತಲೆ ನಿಲ್ಲಿಸಿ, ಪಕ್ಕದಲ್ಲಿ ಅಳತೆಕೋಲು ಇಟ್ಟು ಹನ್ನೆರಡು ಫೋಟೋ ತೆಗೆದಿದ್ದ. ಕಿಟಕಿಯಲ್ಲಿ ಇಡೀ ಶಾಲೆ ನಿಂತು ನೋಡಿತ್ತು. ಔಷಧಿ ಕಳಿಸುತ್ತೇನೆ ಎಂದು ಹೇಳಿ ಹೋದವನು ಮತ್ತೆ ತಲೆ ಹಾಕಲಿಲ್ಲ. ಆ ಫೋಟೋಗಳು ಯಾವ ಊರಿನ ಯಾವ ಪುಸ್ತಕದಲ್ಲಿವೆಯೋ.

"ಔಷಧಿ ಇದ್ಯಾ?" ಎಂದಳು.

"ಈಗಿಲ್ಲ. ಅದಕ್ಕಾಗಿಯೇ..."

"ಮಂಡಿಗೆ ಹಾಕ್ಕಳಕೆ ಒಳ್ಳೆ ಪಟ್ಟಿ ಇದ್ಯಾ? ಚೀಲದ ಬಟ್ಟೆ ಅಲ್ದೆ?"

"ತರಿಸಬಹುದು. ಮೊದಲು ನಾವು..."

"ಹಂಗಾದ್ರೆ ತರ್ಸಿ ಮೇಲಕ್ ಕಳ್ಸು. ನೋಡ್ಬೇಕು ಅಂದ್ರೆ ನೀನೇ ನಡ್ಕಂಡ್ ಬಾ. ಊಟ ಹಾಕ್ತೀನಿ. ಮಗೀನ ಬುಡಕಿಲ್ಲ."

"ನಾನು ಬರೆದದ್ದನ್ನು ಹರಿದು ಹಾಕಬಲ್ಲೆ, ಗೊತ್ತೇ?"

ಅವನು ಮೇಜಿನ ಕಡೆ ತಿರುಗಿದ. ಕಾಗದ ಮೇಜಿನ ಮೇಲಿರಲಿಲ್ಲ. ರೋಝ್‌ಮೇ ಕೈಯಲ್ಲಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಡಿಸಿ ಎರ್ಮಾನ್ಸಳ ರವಿಕೆಗೆ ತುರುಕಿದಳು. "ಕ್ಯಾಮೆರಾ ಕೆಟ್ಟಿದೆ ಡಾಕ್ಟರ್," ಎಂದಳು.

ಕ್ಲೆಲಿ ಮಗುವನ್ನು ಎದೆಗೆ ಎತ್ತಿಕೊಂಡು ಬಾಗಿಲು ದಾಟಿದಳು. ಅವಳ ಮೈಮೇಲೆ ಪಟ್ಟಿಗಳಿರಲಿಲ್ಲ. ಎಲ್ಲವೂ ಕೋಣೆಯ ನೆಲದ ಮೇಲೆ ಬಿದ್ದಿದ್ದವು. ಉದ್ದನೆಯ ಮೊಗಸಾಲೆ, ಎರಡೂ ಕಡೆ ಬೆಂಚುಗಳ ಮೇಲೆ ಜನ. ಇಪ್ಪತ್ತು ಹೆಜ್ಜೆ ಹೋದಳು. ಇಪ್ಪತ್ತೊಂದನೆಯದಕ್ಕೆ ಸೊಂಟದ ಕೀಲು ಜಾರಿತು. ಕಾಲು ಮಡಚಿ ಬಿದ್ದಳು. ಬೀಳುವಾಗ ಮಗುವನ್ನು ಮೇಲಕ್ಕೆ ಹಿಡಿದಿದ್ದಳು.

ಡಾಕ್ಟರು ಓಡಿ ಬಂದ. ಹಿಂದೆ ಗಾಲಿಕುರ್ಚಿ ಬಂತು.

"ಇದರಲ್ಲಿ ಕೂರು. ಒಳಗೆ ಹೋಗೋಣ. ನೋಡು, ನಿನಗೇ ಬೇಕು ಇದು."

ಕುರ್ಚಿ ಒಳಗಿನ ಕಡೆಗೆ ಮುಖ ಮಾಡಿ ನಿಂತಿತ್ತು. ಕ್ಲೆಲಿ ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟಳು.

"ನೀನ್ ಮುಂದೆ ನಡಿ ಅವ್ವ. ಗೇಟಿನಾಚೆ ಅವನ ಕೈಗೆ ಕೊಡು. ತಿರುಗಿ ನೋಡ್ಬೇಡ."

ಎರ್ಮಾನ್ಸ್ ನಡೆದಳು. ಕ್ಲೆಲಿ ಅಂಗೈ ಊರಿ, ನೆಲದ ಮೇಲೆ ಜರುಗಿದಳು. ಮಸೂರದ ಸಾಲಿನಲ್ಲಿ ಜರುಗುವ ಹಾಗೆಯೇ. ಸೊಂಟದಿಂದ ಕೆಳಗಿನ ಕಾಲು ತಪ್ಪು ದಿಕ್ಕಿಗೆ ತಿರುಗಿಕೊಂಡು ಹಿಂದಿನಿಂದ ಎಳೆದುಕೊಂಡು ಬಂತು. ಮದುವೆಯ ಬಿಳಿ ಅಂಗಿ ಆಸ್ಪತ್ರೆಯ ನೆಲವನ್ನು ಒರೆಸಿತು. ಬೆಂಚಿನವರು ಕಾಲು ಎತ್ತಿಕೊಂಡು ದಾರಿ ಬಿಟ್ಟರು. ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಮಿಸ್ ಬ್ರೆಸೋ ಪಕ್ಕದಲ್ಲೇ ನಡೆದು ಬಂದಳು. ಆ ಕಾಗದಕ್ಕೆ ಕಚೇರಿಯ ಮುದ್ರೆ ಬಿದ್ದಿಲ್ಲ, ಮಗುವನ್ನು ಹೀಗೆ ಒಯ್ಯುವಂತಿಲ್ಲ, ಪೊಲೀಸರು ಮತ್ತೆ ಮೇಲೆ ಬರುತ್ತಾರೆ ಎಂದು ಹೇಳುತ್ತಲೇ ಇದ್ದಳು.

"ಬರ್ಲಿ," ಎಂದಳು ಕ್ಲೆಲಿ. ಉಸಿರು ಸಿಕ್ಕಿದಾಗ ಇನ್ನೊಮ್ಮೆ ಹೇಳಿದಳು. "ಬರ್ಲಿ. ಹನ್ನೊಂದು ಮನೆಲೂ ಒಬ್ರೂ ಕೀಲು ಕೂರಿಸ್ಕಳಕಿಲ್ಲ. ಬಂದ್ ನೋಡ್ಲಿ."

ಮೊಗಸಾಲೆ ಮುಗಿಯಿತು. ನಾಲ್ಕು ಮೆಟ್ಟಿಲು. ಅಂಗಳದ ಜಲ್ಲಿ. ಅಂಗೈಯ ಚರ್ಮ ಕಿತ್ತು ಬಂತು. ಗೇಟಿನಾಚೆ ಫಿಲಿಬೆರ್ ಮಗುವನ್ನು ಎತ್ತಿಕೊಂಡಿದ್ದ. ಹೆಂಡತಿಯನ್ನು ಕಂಡು ಓಡಿಬರಲು ಹೊರಟವನನ್ನು ಕಾವಲುಗಾರ ತಡೆದ. ಕ್ಲೆಲಿ ತಾನಾಗಿಯೇ ಗೇಟು ದಾಟಿದಳು. ಸುಡುವ ಫುಟ್‌ಪಾತಿನ ಮೇಲೆ ಅಂಗಾತ ಮಲಗಿದಳು. ಬಸ್ಸಿಗೆ ಕಾದವರು, ಹಣ್ಣು ಮಾರುವವರು, ಆಸ್ಪತ್ರೆಗೆ ಬಂದವರು ಸುತ್ತ ಸೇರಿದರು.

"ಕೂರಿಸವ್ವ," ಎಂದಳು.

"ಇಲ್ಲೇನೇ? ಇಷ್ಟು ಜನದ ಮುಂದೆ?"

"ಇಲ್ಲೇ."

ಎರ್ಮಾನ್ಸ್ ಸುತ್ತ ಒಮ್ಮೆ ನೋಡಿದಳು. ಆಮೇಲೆ ಮಗಳ ಅಂಗಿಯನ್ನು ಸೊಂಟದವರೆಗೆ ಸರಿಸಿ, ಹಿಮ್ಮಡಿ ಊರಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು.